ನಾನಕಟಾಯಿ ವಿಚಾರಣೆ

ಹೋದ ತಿಂಗಳು ವಿಜಯವಾಡದ ಗನ್ನವರಂ ವಿಮಾನ ನಿಲ್ದಾಣದ ತಪಾಸಣೆಯ ಸಾಲಿನಲ್ಲಿ ನನ್ನ ಮುಂದಿದ್ದ ಹೆಂಗಸಿನ ಚೀಲದಿಂದ ಒಂದು ಸ್ಟೀಲ್ ಡಬ್ಬಿ ಹೊರಬಂತು. ತಪಾಸಣೆಯವನು ಮುಚ್ಚಳ ತೆಗೆಸಿದ. ತುಪ್ಪ, ಏಲಕ್ಕಿ, ಹದವಾಗಿ ಬೆಂದ ಮೈದಾ ಮೂರೂ ಕೂಡಿದ ವಾಸನೆ ಬಂದು ಮೂಗಿಗೆ ಬಡಿಯಿತು. ಆತ ಒಂದು ಬಿಸ್ಕತ್ತು ಎತ್ತಿ, ತಿರುವಿ, ಅದರ ತಳ ನೋಡಿದ, ಆಮೇಲೆ ಆಕೆಯ ಮುಖ ನೋಡಿದ. ‘ಇಂಟ್ಲೋ ಚೇಸಿಂದೇ ಬಾಬೂ’ ಎಂದಳು ಆಕೆ, ಮನೆಯಲ್ಲಿ ಮಾಡಿದ್ದೇ ಅಪ್ಪಾ ಎಂದು. ಆತ ನಂಬಿದಂತೆ ಕಾಣಲಿಲ್ಲ. ಆ ನೋಟ ನನಗೆ ಹೊಸದಲ್ಲ. ಒಂದು ಇಡೀ ಬೇಸಿಗೆ ಅಂಥ ನೋಟವನ್ನೇ ಮುಖಕ್ಕೆ ಅಂಟಿಸಿಕೊಂಡು ತಿರುಗಿದವಳು ನಾನು.

ಅದು ಎರಡು ಸಾವಿರದ ಒಂಬತ್ತನೆಯ ಇಸವಿ. ವಿಶಾಖಪಟ್ಟಣದ ಮಧುರವಾಡದಲ್ಲಿ, ಗುಡ್ಡದ ಬುಡ ಕಡಿದು ಎಬ್ಬಿಸಿದ ಹೊಸ ಅಪಾರ್ಟ್‌ಮೆಂಟೊಂದರಲ್ಲಿ ನಮ್ಮ ಮನೆ. ಹುಬ್ಬಳ್ಳಿಯವರಾದ ನಮ್ಮನ್ನು ಅಷ್ಟು ದೂರ ತಂದದ್ದು ನನ್ನ ಗಂಡನ ಬ್ಯಾಂಕು. ತಂದು ಬಿಟ್ಟು, ನಾವು ಅಲ್ಲಿ ಒಗ್ಗಿಕೊಳ್ಳುವಷ್ಟರಲ್ಲಿ ಅವರೊಬ್ಬರನ್ನು ಮಾತ್ರ ವಿಜಯವಾಡಕ್ಕೆ ಎತ್ತಿಹಾಕಿತು. ಅಷ್ಟರಲ್ಲಿ ನನಗೆ ಅಚ್ಯುತಾಪುರಂ ಕಡೆಯ ಔಷಧ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು. ಮನೆ ಊರಿನ ಆ ತುದಿಗೆ, ಕೆಲಸ ಈ ತುದಿ ದಾಟಿ ಇನ್ನೂ ಎಷ್ಟೋ ದೂರ. ಬೆಳಕು ಹರಿಯುವ ಮುಂಚೆ ಕಂಪನಿ ಬಸ್ಸು ಹತ್ತಿದರೆ ಮನೆ ಸೇರುವುದು ದೀಪ ಹಚ್ಚುವ ಹೊತ್ತಿಗೆ. ಮಗಳು ಸಹನಾಗೆ ಏಳು ವರ್ಷ, ಮಗ ಓಂಕಾರನಿಗೆ ನಾಲ್ಕು. ಗಂಡ ಶನಿವಾರ ಸಂಜೆ ರೈಲಿಗೆ ಬಂದು, ಒಗೆದ ಬಟ್ಟೆ ತುಂಬಿಕೊಂಡು ರವಿವಾರ ಹೋಗುತ್ತಿದ್ದರು. ಲ್ಯಾಬಿನಲ್ಲಿ ನನ್ನದು ಮಾತ್ರೆಗಳನ್ನು ಪರೀಕ್ಷಿಸುವ ಕೆಲಸ. ನೋಡಲು ಚೆಂದವಿರುವ ಮಾತ್ರೆಯನ್ನೇ ಮೊದಲು ಅನುಮಾನಿಸಿ ಎಂದು ಅಲ್ಲಿ ಪಾಠ ಹೇಳುತ್ತಿದ್ದರು. ನನಗೆ ಆ ಪಾಠ ಬೇಕಿರಲಿಲ್ಲ. ಹುಟ್ಟಾ ನನ್ನದು ಅನುಮಾನದ ಜೀವ.

ಏಪ್ರಿಲ್ ಕೊನೆಗೆ ಶಾಲೆಗೆ ರಜೆ ಬಿತ್ತು. ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಆಯಾ ಮಗಳ ಹೆರಿಗೆಯೆಂದು ಊರಿಗೆ ಹೋದವಳು ಬರಲೇ ಇಲ್ಲ. ಏನು ಮಾಡುವುದೆಂದು ನಾನು ತಲೆ ಕೆಡಿಸಿಕೊಂಡಿರುವಾಗ, ಕರೆಯದೆ, ಹೇಳದೆ, ಹುಬ್ಬಳ್ಳಿಯಿಂದ ನನ್ನ ಅತ್ತೆ ಬಂದಿಳಿದರು. ಅವರು ಅಲ್ಲಿ ಹಿರಿಯ ಮಗನ ತುಂಬಿದ ಮನೆಯಲ್ಲಿ ಇರುವವರು. ದೊಡ್ಡ ಸೊಸೆ ಮನೆಯಲ್ಲೇ ಇರುತ್ತಾಳೆ, ಓರಗೆಯ ಮಕ್ಕಳಿದ್ದಾರೆ, ರಸ್ತೆ ದಾಟಿದರೆ ಶಾಲೆ.

‘ಸಾಲಿ ಸೂಟಿ ಐತಲ್ಲ, ಹುಡುಗೂರ ಜೋಡಿ ನಾಕ ದಿನಾ ಇದ್ದು ಹೋಗ್ತೀನಿ’ ಎಂದರು.

ನಾಕು ದಿನಕ್ಕೆ ಬಂದವರು ತಂದಿದ್ದ ಸೂಟ್‌ಕೇಸು ಒಬ್ಬ ಆಳು ಕೂಡುವಷ್ಟು ದೊಡ್ಡದು. ಎತ್ತಿ ಒಳಗಿಡಲು ಹೋದೆ, ಹಗುರ. ಅವರು ಸ್ನಾನಕ್ಕೆ ಹೋದಾಗ ತೆರೆದು ನೋಡಿದೆ. ಒಂದು ಮೂಲೆಯಲ್ಲಿ ನಾಲ್ಕು ಸೀರೆ, ಒಂದು ತುಪ್ಪದ ಡಬ್ಬಿ. ಉಳಿದದ್ದೆಲ್ಲ ಖಾಲಿ. ಖಾಲಿ ಪೆಟ್ಟಿಗೆಯನ್ನು ಯಾರೂ ಅಷ್ಟು ದೂರ ಸುಮ್ಮನೆ ಹೊತ್ತು ತರುವುದಿಲ್ಲ. ಹೋಗುವಾಗ ಅದರಲ್ಲಿ ಏನು ತುಂಬಿಕೊಂಡು ಹೋಗುತ್ತಾರೆ ಎಂದು ಯೋಚಿಸುತ್ತ ನಿಂತವಳಿಗೆ ಉತ್ತರ ಮೂರನೆಯ ದಿನ ಸಿಕ್ಕಿತು. ಬಾಲ್ಕನಿಯಲ್ಲಿ ನಿಂತು ದೊಡ್ಡ ಮಗನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು.

‘ಜೂನ್ ತಿಂಗಳದಾಗ ಎರಡೂ ಅಲ್ಲೇ ಬರ್ತಾವ ಅಂತ ಇಟ್ಕೋ. ಸಾಲ್ಯಾಗ ಒಂದ ಮಾತು ಕೇಳಿಟ್ಟಿರು.’

ನನ್ನ ಮಕ್ಕಳು. ಅಂದು ರಾತ್ರಿ ಗಂಡನಿಗೆ ಫೋನ್ ಮಾಡಿ ಕೇಳಿದೆ. ‘ಛೇ, ಹಂಗೇನಿಲ್ಲ’ ಎಂದರು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂದಿತ್ತು. ಹುಬ್ಬಳ್ಳಿಯಲ್ಲಿ ಮಕ್ಕಳಿಗೆ ಏನೋ ಕಡಿಮೆಯಾದೀತೆಂಬ ಹೆದರಿಕೆ ನನಗಿರಲಿಲ್ಲ. ಏನೂ ಕಡಿಮೆಯಾಗುವುದಿಲ್ಲ ಎಂಬುದೇ ನನ್ನ ಹೆದರಿಕೆ. ಒಮ್ಮೆ ಹೋದರೆ ಅವು ಹಿಂದಿರುಗಿ ನೋಡುವುದಿಲ್ಲ ಎನ್ನಿಸುತ್ತಿತ್ತು.

ಅಲ್ಲಿಂದ ಮುಂದೆ ಮನೆಯಲ್ಲಿ ನಾನು ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಸಂಜೆ ಬಂದು ನೋಡಿದರೆ ಮೈದಾ ಡಬ್ಬಿ ಇಳಿದಿರುತ್ತಿತ್ತು. ತುಪ್ಪ ದಿನದಿನಕ್ಕೆ ಕರಗುತ್ತಿತ್ತು. ಓಂಕಾರನ ಗದ್ದಕ್ಕೆ ಸಕ್ಕರೆ ಪುಡಿ, ಸಹನಾಳ ಅಂಗೈಗೆ ಏಲಕ್ಕಿಯ ವಾಸನೆ. ಅಡಿಗೆಮನೆ ಮಾತ್ರ ತೊಳೆದಿಟ್ಟಂತೆ ಸ್ವಚ್ಛ.

‘ಇವತ್ತ ಏನ್ ತಿಂದ್ರಿ?’ ಎಂದು ಕೇಳಿದರೆ ಓಂಕಾರ ಬಾಯಿ ತೆರೆಯುತ್ತಿದ್ದ. ಸಹನಾ ಅವನ ತೋಳು ಹಿಡಿದು ‘ಚೆಪ್ಪೊದ್ದು’ ಎನ್ನುತ್ತಿದ್ದಳು. ಹೇಳಬೇಡ ಎನ್ನುವುದನ್ನು ತೆಲುಗಿನಲ್ಲಿ ಹೇಳಿದರೆ ಅಮ್ಮನಿಗೆ ತಿಳಿಯುವುದಿಲ್ಲ ಎಂದು ಅವಳ ಎಣಿಕೆಯೋ, ಅಥವಾ ಗುಟ್ಟಿನ ಮಾತಿಗೆ ಅವಳ ಬಾಯಿಗೆ ಆಗಲೇ ತೆಲುಗೇ ಮೊದಲು ಬರುತ್ತಿತ್ತೋ ಗೊತ್ತಿಲ್ಲ.

ಮೇ ತಿಂಗಳ ಒಂದು ದಿನ ಕಾರ್ಖಾನೆಯಲ್ಲಿ ಕರೆಂಟು ಕೈಕೊಟ್ಟು ನಮ್ಮನ್ನು ಮಧ್ಯಾಹ್ನವೇ ಬಿಟ್ಟರು. ಕಂಪನಿ ಬಸ್ಸು ನನ್ನನ್ನು ಮಧುರವಾಡದ ಜಂಕ್ಷನ್ನಿನಲ್ಲಿ ಇಳಿಸಿದಾಗ ಬಿಸಿಲು ಇನ್ನೂ ಜೋರಾಗಿಯೇ ಇತ್ತು. ವಿಶಾಖಪಟ್ಟಣದ ಬಿಸಿಲು ಹುಬ್ಬಳ್ಳಿಯದರಂತೆ ಸುಡುವುದಿಲ್ಲ, ಬೇಯಿಸುತ್ತದೆ. ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ ಬೇಕರಿಯ ಪಕ್ಕದ ಓಣಿಯಲ್ಲಿ ಹೊರಟವಳಿಗೆ ಪರಿಚಯದ ಧ್ವನಿ ಕೇಳಿಸಿತು. ಬೇಕರಿಯ ಹಿಂದೆ, ತಗಡಿನ ಛಾವಣಿಯ ಕೆಳಗೆ, ಇಟ್ಟಿಗೆಯ ಭಟ್ಟಿಯ ಮುಂದೆ ನನ್ನ ಅತ್ತೆ ಕಾಲು ಚಾಚಿ ಕೂತಿದ್ದರು. ಎರಡು ಕಡೆ ನನ್ನ ಇಬ್ಬರು ಮಕ್ಕಳು. ಮುಂದೆ ತಗಡಿನ ಟ್ರೇ. ಮಕ್ಕಳ ಮೊಣಕೈವರೆಗೂ ಹಿಟ್ಟು.

ನಾನು ಕಬ್ಬಿನ ಹಾಲಿನ ಗಾಡಿಯ ಮರೆಗೆ ಸರಿದು ನಿಂತೆ. ನೇರ ಹೋಗಿ ಕೇಳಬಹುದಿತ್ತು. ಆದರೆ ನೇರ ಕೇಳಿದರೆ ನೇರ ಉತ್ತರ ಸಿಗುತ್ತದೆ ಎಂದು ನಾನು ಯಾವತ್ತೂ ನಂಬಿದವಳಲ್ಲ.

ಇಲ್ಲಿ ನಮ್ಮ ಹುಬ್ಬಳ್ಳಿಯ ಪದ್ಧತಿಯೊಂದನ್ನು ಹೇಳಬೇಕು. ನಮ್ಮಲ್ಲಿ ದೀಪಾವಳಿಗೋ ಬೇಸಿಗೆ ಸೂಟಿಗೋ ಹೆಂಗಸರು ಮನೆಯಿಂದ ಮೈದಾ, ಸಕ್ಕರೆ, ತುಪ್ಪ ಕಟ್ಟಿಕೊಂಡು ಓಣಿಯ ಬೇಕರಿಗೆ ಹೋಗುತ್ತಾರೆ. ಅಲ್ಲೇ ಕೂತು ಹಿಟ್ಟು ನಾದಿ, ಉಂಡೆ ಕಟ್ಟಿ, ಟ್ರೇಯಲ್ಲಿ ಹಚ್ಚಿ ಕೊಟ್ಟರೆ ಬೇಕರಿಯವನು ಭಟ್ಟಿಯಲ್ಲಿ ಬೇಯಿಸಿ ಕೊಡುತ್ತಾನೆ. ಅದೇ ನಾನಕಟಾಯಿ. ಬಾಯಲ್ಲಿಟ್ಟರೆ ಪುಡಿಯಾಗಿ ಕರಗುವ ಬಿಸ್ಕತ್ತು. ಬೇಯುವವರೆಗೂ ಹೆಂಗಸರು ಭಟ್ಟಿ ಬಿಟ್ಟು ಏಳುವುದಿಲ್ಲ. ಎದ್ದರೆ ತಮ್ಮ ತುಪ್ಪದ್ದನ್ನು ಬೇರೆಯವರ ಡಾಲ್ಡಾದ್ದಕ್ಕೆ ಬದಲಾಯಿಸುತ್ತಾನೆಂಬ ಗುಮಾನಿ. ಅದಕ್ಕೇ ಪ್ರತಿ ಮನೆಯವರೂ ತಮ್ಮ ಬಿಸ್ಕತ್ತಿನ ಮೇಲೆ ಒಂದು ಗುರುತು ಒತ್ತುತ್ತಾರೆ. ಆಂಧ್ರದ ಬೇಕರಿಯಲ್ಲಿ ಈ ಪದ್ಧತಿಯನ್ನು ಕಂಡವರಿಲ್ಲ, ಕೇಳಿದವರಿಲ್ಲ. ನನ್ನ ಅತ್ತೆಗೆ ಅದು ತಿಳಿಯದು. ಭಟ್ಟಿ ಎಂದ ಮೇಲೆ ಎಲ್ಲ ಕಡೆಯೂ ಭಟ್ಟಿಯೇ ಎಂದುಕೊಂಡು, ಹಿಟ್ಟಿನ ಡಬ್ಬಿ ಹೊತ್ತು, ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ ಕೂತುಬಿಟ್ಟಿದ್ದರು. ಬೇಕರಿಯ ಸೂರಿಬಾಬು ಮೊದಲ ದಿನ ಬೇಡವೆಂದು ಕೈಮುಗಿದನಂತೆ. ಇವರೂ ಕೈಮುಗಿದು, ಅಲ್ಲಿಯೇ ಕೂತರಂತೆ.

ಗುರುತು ಒತ್ತುವ ಕೆಲಸ ನನ್ನ ಮಕ್ಕಳದು. ಅಜ್ಜಿ ಉಂಡೆ ಕಟ್ಟಿಕೊಟ್ಟಂತೆ ಸಹನಾ ಟ್ರೇಯಲ್ಲಿಟ್ಟು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತಿದ್ದಳು. ಓಂಕಾರ ತೋರುಬೆರಳನ್ನು ತಳ ಮುಟ್ಟುವವರೆಗೆ ತೂರಿಸಿ, ಬೆರಳು ನೆಕ್ಕಿ, ಮತ್ತೆ ತೂರಿಸುತ್ತಿದ್ದ. ಸೆಕೆಗೆ ತುಪ್ಪ ಕರಗಿ ಉಂಡೆಗಳು ಕಣ್ಣೆದುರೇ ಚಪ್ಪಟೆಯಾಗಿ ಒಂದಕ್ಕೊಂದು ಅಂಟುತ್ತಿದ್ದವು. ಹುಬ್ಬಳ್ಳಿಯಲ್ಲಿ ಹೀಗಾಗುವುದಿಲ್ಲವಾದ್ದರಿಂದ ತಪ್ಪು ಸೂರಿಬಾಬುವಿನದೇ ಎಂದು ಅತ್ತೆಯ ತೀರ್ಮಾನ.

‘ಇವ ನಮ್ಮ ತುಪ್ಪದಾಗ ಏನೋ ಕಲಿಸ್ಯಾನ. ಕೇಳ ಇವನ್ನ’ ಎಂದರು ಸಹನಾಗೆ.

ಸಹನಾ ಅವನತ್ತ ತಿರುಗಿ ಮುಖದಲ್ಲಿ ಒಂದು ಗೆರೆಯೂ ಬದಲಾಗದಂತೆ ಹೇಳಿದಳು: ‘ಮಾ ಆಯಿ ಚಾಲಾ ಬಾಗುಂದಿ ಅಂಟುಂದಿ, ಅಂಕುಲ್.’ ನಮ್ಮಜ್ಜಿ ತುಂಬ ಚೆನ್ನಾಗಿದೆ ಅಂತಿದ್ದಾರೆ ಎಂದು. ಸೂರಿಬಾಬು ನಕ್ಕು ಟ್ರೇ ಒಳಗೆ ತಳ್ಳಿದ. ಗಾಡಿಯ ಮರೆಯಲ್ಲಿ ನನಗೆ ನಗುವೂ ಬಂತು, ಹೆದರಿಕೆಯೂ ಆಯಿತು. ಏಳು ವರ್ಷದ ಕೂಸು ಇಷ್ಟು ಸಲೀಸಾಗಿ ಮಾತು ತಿರುಗಿಸುತ್ತದೆಯೆಂದರೆ ನನ್ನೆದುರು ಎಷ್ಟು ತಿರುಗಿಸಿರಬಹುದು?

ಟ್ರೇ ಒಳಗೆ ಹೋದ ಮೇಲೆ ಅತ್ತೆ ಇನ್ನೊಂದು ಮುದ್ದೆ ಹಿಟ್ಟು ತೆಗೆದು ಮಕ್ಕಳ ಕೈಗೆ ಕೊಟ್ಟರು. ಆಮೇಲೆ, ಏನೂ ಇಲ್ಲದವರಂತೆ, ಶುರು ಮಾಡಿದರು.

‘ನಿಮ್ಮವ್ವ ರಾತ್ರಿ ಊಟಕ್ಕ ಏನ್ ಮಾಡ್ತಾಳ?’

‘ಚಪಾತಿ, ಪಲ್ಯ.’

‘ದಿನಾ?’

‘ಒಮ್ಮೊಮ್ಮೆ ಮೊಸರನ್ನ.’

‘ಬೈತಾಳೇನು?’

‘ಓಮಿಗೆ ಬೈತಾಳ. ಆಮ್ಯಾಲ ಎತ್ಕೋತಾಳ.’

ಕೈಗೆ ಕೆಲಸ ಕೊಟ್ಟರೆ ಮಕ್ಕಳ ನಾಲಿಗೆ ತಾನಾಗಿಯೇ ಸಡಿಲವಾಗುತ್ತದೆ. ನನಗೆ ಎಲ್ಲ ಬಗೆಹರಿಯಿತು. ಇದು ಬಿಸ್ಕತ್ತು ಮಾಡುವ ಆಟವಲ್ಲ, ಇದು ವಿಚಾರಣೆ. ಆರೋಪಿ ನಾನು, ಸಾಕ್ಷಿ ಹೇಳುತ್ತಿರುವವರು ನನ್ನ ಮಕ್ಕಳು. ಸದ್ದಿಲ್ಲದೆ ಹಿಂದಕ್ಕೆ ಸರಿದು, ಊರೆಲ್ಲ ಸುತ್ತಿ, ಎಂದಿನ ಹೊತ್ತಿಗೇ ಮನೆಗೆ ಬಂದೆ. ‘ಇವತ್ತ ಭಾಳ ದಣದೀಯಲ್ಲ’ ಎಂದರು ಅತ್ತೆ ಚಹಾ ಕೊಡುತ್ತ. ಆ ಚಹಾವನ್ನೂ ನಾನು ಅನುಮಾನಿಸಿಯೇ ಕುಡಿದೆ.

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು. ಆ ವಾರ ಗಂಡ ಕೆಲಸವಿದೆಯೆಂದು ವಿಜಯವಾಡದಲ್ಲೇ ಉಳಿದರು. ಶನಿವಾರ ಸಂಜೆ ಮಕ್ಕಳನ್ನು ಋಷಿಕೊಂಡ ಬೀಚಿಗೆ ಕರೆದುಕೊಂಡು ಹೋಗಿ ಒಂದು ಕೈಚೀಲ ಮರಳು ತಂದೆ. ನಮ್ಮ ಮನೆಯಲ್ಲಿ ಓವನ್ ಇರಲಿಲ್ಲ. ಕುಕ್ಕರಿನ ತಳಕ್ಕೆ ಮರಳು ಹಾಕಿ, ರಬ್ಬರು, ಸೀಟಿ ಎರಡೂ ತೆಗೆದು, ಒಳಗೆ ಪಾತ್ರೆಯಿಟ್ಟು ಕೇಕು ಮಾಡುವುದು ನನ್ನ ತಾಯಿಯ ಮನೆಯಲ್ಲಿ ನೋಡಿ ಗೊತ್ತಿತ್ತು. ಅಲ್ಲಿ ಹಾಕುತ್ತಿದ್ದದ್ದು ಹೊಳೆಯ ಮರಳು. ಮರಳೆಂದ ಮೇಲೆ ಮರಳೇ ಎಂದುಕೊಂಡೆ ನಾನು. ಅತ್ತೆಯ ಭಟ್ಟಿಯ ಲೆಕ್ಕವೇ ನನ್ನದೂ ಆಯಿತು.

ರವಿವಾರ ಊಟವಾಗಿ ಅತ್ತೆ ಅಡ್ಡಾದರು. ನಾನು ಅಡಿಗೆಮನೆಯ ಬಾಗಿಲು ಮುಂದೆ ಮಾಡಿ, ಮಕ್ಕಳನ್ನು ನೆಲದ ಮೇಲೆ ಕೂರಿಸಿ, ಸಹನಾಗೆ ಮೊಸರು ಸಕ್ಕರೆ ಕದಡಲು ಕೊಟ್ಟೆ, ಓಂಕಾರನಿಗೆ ಮೈದಾ ಜರಡಿ ಹಿಡಿಯಲು ಕೊಟ್ಟೆ. ಅವನು ಜರಡಿಯನ್ನು ತಲೆಗೆ ಹಾಕಿಕೊಂಡ. ಹೊಡೆಯಬೇಕೆನ್ನಿಸಿತು, ಹೊಡೆಯಲಿಲ್ಲ. ಸಾಕ್ಷಿದಾರರನ್ನು ಹೊಡೆಯಬಾರದು.

‘ಆಯಿ ನಿಮಗ ಏನೇನ ಕೇಳ್ತಾಳ?’ ಎಂದೆ, ಹಿಟ್ಟಿಗೆ ಸೋಡಾ ಹಾಕುತ್ತ.

ಸಹನಾ ಸೌಟು ತಿರುಗಿಸುತ್ತಲೇ ಇದ್ದಳು. ‘ಸುಮ್ಮನ ಏನರ.’

‘ಹುಬ್ಬಳ್ಳಿಗೆ ಬರ್ತೀಯೇನು ಅಂತ ಕೇಳಿದ್ಲೇನು?’

‘ಹೂಂ.’

‘ನೀ ಏನಂದಿ?’

‘ಬರಂಗಿಲ್ಲ ಅಂದೆ.’

ಎದೆಯ ಮೇಲಿನ ಕಲ್ಲು ಇಳಿಯಿತು ಎನ್ನುವಷ್ಟರಲ್ಲಿ ಜರಡಿಯ ಒಳಗಿಂದ ಓಂಕಾರ ಹೇಳಿದ: ‘ಇಲ್ಲಾ. ಅಕ್ಕ ಬರ್ತೀನಿ ಅಂದ್ಳು. ನಾ ಬರಂಗಿಲ್ಲ ಅಂದೆ, ಅದಕ್ಕ ನನಗ ಚಿವುಟಿದ್ಲು.’

ಸಹನಾ ತಲೆ ಎತ್ತಲಿಲ್ಲ. ಸೌಟಿನ ವೇಗ ಮಾತ್ರ ಹೆಚ್ಚಾಯಿತು. ನಾನು ಪಾತ್ರೆಯನ್ನು ಕುಕ್ಕರಿನೊಳಗಿಟ್ಟು ಮುಚ್ಚಿದೆ. ಯಾರ ಮೇಲೆ ಸಿಟ್ಟು ಬಂದರೂ ತಡೆದುಕೊಳ್ಳಬಲ್ಲೆ. ಹೊಟ್ಟೆಯಲ್ಲಿ ಹುಟ್ಟಿದ್ದೇ ನನ್ನನ್ನು ಬಿಟ್ಟು ಹೋಗಲು ಒಪ್ಪಿದೆಯಲ್ಲ ಎಂಬ ನೋವು ತಡೆಯಲಾಗಲಿಲ್ಲ. ಸಿಂಕಿನ ಕಡೆ ತಿರುಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಅಷ್ಟರಲ್ಲಿ ಕುಕ್ಕರಿನೊಳಗೆ ಪಟ್ ಪಟ್ ಎಂದು ಏನೋ ಸಿಡಿಯತೊಡಗಿತು. ‘ಲೋಪಲ ಪೀತ ಉಂದಿ’ ಎಂದು ಓಂಕಾರ ಹೆದರಿ ನನ್ನ ಕಾಲಿಗೆ ಜೋತುಬಿದ್ದ. ಒಳಗೆ ಏಡಿ ಇದೆಯೆಂದು. ಏಡಿಯಲ್ಲ, ಮರಳಿನಲ್ಲಿದ್ದ ಚಿಪ್ಪಿನ ಚೂರುಗಳು. ಹಿಂದೆಯೇ ಮೀನುಪೇಟೆಯ ವಾಸನೆ ಮನೆಯೆಲ್ಲ ಹರಡಿತು. ಅತ್ತೆ ಎದ್ದು ಬಂದು, ಮೂಗಿಗೆ ಸೆರಗು ಹಿಡಿದು, ಕುಕ್ಕರಿನೊಳಗೆ ಬಗ್ಗಿ ನೋಡಿದರು.

‘ಸಮುದ್ರದ ಉಸುಕ ಒಲಿ ಮ್ಯಾಲ ಇಡತಾರೇನು?’ ಎಂದರು. ಆಮೇಲೆ ಮಕ್ಕಳನ್ನೂ ನನ್ನನ್ನೂ ಒಂದೊಂದಾಗಿ ನೋಡಿ, ‘ಹುಡುಗೂರನ್ನ ಕುಂದರಿಸಿಕೊಂಡು ಏನ್ ಕೇಳಿದಿ?’ ಎಂದರು. ಹಾವಿನ ಹೆಜ್ಜೆ ಹಾವಿಗೇ ಗೊತ್ತು. ನಾನು ಒಲೆ ಆರಿಸಿ ಕಿಟಕಿ ತೆರೆದೆ. ಆ ಕೇಕನ್ನು ಯಾರೂ ತಿನ್ನಲಿಲ್ಲ.

ಮುಂದಿನ ವಾರವೆಲ್ಲ ನಾನು ಸಹನಾ ಜೊತೆ ಲೆಕ್ಕದ ಮಾತಷ್ಟೇ ಆಡಿದೆ. ಅವಳೂ ಹೆಚ್ಚು ಮಾತಾಡಿಸಲಿಲ್ಲ. ಒಂದು ಸಂಜೆ ಬಸ್ಸಿಳಿದು ಬರುವಾಗ ಸೂರಿಬಾಬು ಬೇಕರಿಯ ಮೆಟ್ಟಿಲ ಮೇಲಿಂದ ಕೂಗಿ ನಿಲ್ಲಿಸಿದ. ಅತ್ತೆ ಈಗಲೂ ಭಟ್ಟಿಯ ಮೇಲಿನ ಕಣ್ಣು ತೆಗೆಯುವುದಿಲ್ಲವೆಂದು ಗೋಳು ಹೇಳಿಕೊಂಡ. ‘ಅನುಮಾನಂ ಪೆನುಭೂತಂ ಅಂಡೀ’ ಎಂದ. ಅನುಮಾನ ಅನ್ನೋದು ದೊಡ್ಡ ಭೂತ ಕಣಮ್ಮ ಎಂದು. ಯಾರಿಗೆ ಹೇಳುತ್ತಿದ್ದೇನೆಂದು ಪಾಪ ಅವನಿಗೆ ತಿಳಿಯದು.

ಶನಿವಾರ ಗಂಡ ಬಂದರು. ಚಹಾದ ಹೊತ್ತಿಗೆ ಅತ್ತೆ ಮೊದಲ ಸಲ ನಾನಕಟಾಯಿಯ ಡಬ್ಬಿಯನ್ನು ರಾಜಾರೋಷವಾಗಿ ಹೊರತೆಗೆದು ಸಹನಾ ಕೈಗೆ ಕೊಟ್ಟರು. ಅವಳು ತಟ್ಟೆಯಲ್ಲಿ ಜೋಡಿಸುತ್ತ ಕೂತಳು. ಹೆಬ್ಬೆರಳಿನ ಗುರುತಿನವು ಒಂದು ಕಡೆ, ತೂತು ಬಿದ್ದವು ಒಂದು ಕಡೆ. ನನಗೆ ಇನ್ನು ತಡೆಯಲಾಗಲಿಲ್ಲ.

‘ಅತ್ತೀ, ನೀವು ನನ್ನ ಮಕ್ಕಳನ್ನ ಕರಕೊಂಡು ಹೋಗಾಕ ಬಂದೀರೋ ಇಲ್ಲೋ, ಅಷ್ಟ ಹೇಳಿಬಿಡ್ರಿ.’

ಅತ್ತೆ ಕಪ್ಪು ಕೆಳಗಿಟ್ಟರು.

‘ಹೌದು. ನಿನ್ನ ಸಂಶಯ ಖರೇನ ಐತಿ. ಆದ್ರ ನಾ ನಾನಾಗಿ ಬಂದಾಕಿ ಅಲ್ಲ.’ ಗದ್ದವನ್ನು ಮಗನ ಕಡೆ ತಿರುಗಿಸಿದರು. ‘ಇವ ಕರೆಸ್ಯಾನ. ಅಕೀ ಕೈಲೆ ಆಗವಲ್ದು, ಹುಡುಗೂರು ದಿಕ್ಕಿಲ್ಲದಂಗ ಬೆಳ್ಯಾಕತ್ತಾವ, ಬಂದು ಕರಕೊಂಡು ಹೋಗು ಅಂದ. ಅವನ ಮಾತನ್ನ ನಾ ಯಾಕ ನಂಬಲಿ? ಹುಡುಗೂರನ್ನ ಕೇಳಿದೆ. ದಿನಾ ಕೇಳಿದೆ. ನಿನ್ನ ತಪ್ಪು ಹುಡುಕಿದೆ. ಸಿಗಲಿಲ್ಲ.’ ನಾನು ಹಿಗ್ಗಿಬಿಡಬಾರದೆಂದೋ ಏನೋ, ‘ಸಿಕ್ಕಿದ್ದರ ಬಿಡ್ತಿದ್ದಿಲ್ಲ’ ಎಂದು ಸೇರಿಸಿದರು.

ನಾನು ಗಂಡನನ್ನು ನೋಡಿದೆ. ಮನೆಯಲ್ಲಿ ಇದ್ದವರನ್ನೆಲ್ಲ, ಚಹಾವನ್ನೂ ಕೂಡ ಅನುಮಾನಿಸಿದ್ದೆ. ವಾರಕ್ಕೊಮ್ಮೆ ಬಂದು ಹೋಗುವ ಈ ಮನುಷ್ಯನೊಬ್ಬನನ್ನು ಮರೆತಿದ್ದೆ.

‘ನಂದೇನು ಕೆಟ್ಟ ಉದ್ದೇಶ ಇರಲಿಲ್ಲ’ ಎಂದರು ಅವರು, ಬಸಿಯಲ್ಲಿ ಚಹಾ ಆರಿಸುತ್ತ. ‘ಸಹನಾನೇ ಫೋನಿನ್ಯಾಗ ಹೋಗ್ತೀನಿ ಅಂದ್ಳು. ಬೇಕಾದ್ರ ಅಕೀನ್ನ ಕೇಳು.’

ಮೂರು ಜನ ದೊಡ್ಡವರು ಒಟ್ಟಿಗೆ ಅವಳ ಕಡೆ ತಿರುಗಿದೆವು. ಅವಳು ತಟ್ಟೆಯಿಂದ ಕಣ್ಣೆತ್ತದೆ ಒಂದು ಬಿಸ್ಕತ್ತನ್ನು ಆ ಸಾಲಿನಿಂದ ಈ ಸಾಲಿಗಿಟ್ಟಳು.

‘ನಾವು ಹೋದ್ರ ಅಮ್ಮ ರವಿವಾರ ಮಲಕೋಬಹುದು’ ಎಂದಳು. ನಾವು ತನ್ನನ್ನು ನಂಬಲಿಲ್ಲವೇನೋ ಎಂದುಕೊಂಡು, ಇನ್ನಷ್ಟು ಹೇಳಿದಳು. ‘ಕಥಿ ಹೇಳತಾ ಹೇಳತಾ ಅಮ್ಮ ಮಲಗಿಬಿಡತಾಳ. ಓಮಿ ಎಬ್ಬಸ್ತಾನ. ನಾ ಎಬ್ಬಸಬ್ಯಾಡ ಅಂತೀನಿ, ಅವ ಕೇಳಂಗಿಲ್ಲ.’

ನನಗೆ ಅಳು ಬಂತು. ಮುಚ್ಚಿಡಲೂ ಹೋಗಲಿಲ್ಲ. ವಾರವೆಲ್ಲ ನನ್ನಿಂದ ಮಾತು ಕಳೆದುಕೊಂಡು ಓಡಾಡಿದ ಮಗುವನ್ನು ಎಳೆದು ಮಡಿಲಲ್ಲಿ ಕೂರಿಸಿಕೊಂಡೆ. ಅವಳು ಸ್ವಲ್ಪ ಬಿಗಿಯಾಗಿಯೇ ಕೂತಳು. ಅತ್ತೆ ಮೂಗೊರೆಸಿಕೊಂಡು ಮಗನ ಕಡೆ ತಿರುಗಿದರು.

‘ಅಕೀನ್ನ ಕೇಳಿದ್ದಾತು, ಹುಡುಗೂರನ್ನ ಕೇಳಿದ್ದಾತು. ಜೂನ್ ತಿಂಗಳದಾಗ ನೀ ಏನ್ ಮಾಡ್ತಿ, ಅದನ್ನ ಹೇಳೀಗ.’

ಅದಾದ ಮೇಲೆ ಗಂಡ ವಿಶಾಖಪಟ್ಟಣಕ್ಕೆ ವರ್ಗ ಕೇಳಿಕೊಂಡು, ಅದು ಸಿಗುವವರೆಗೆ ತಿಂಗಳುಗಟ್ಟಲೆ ಕಾಯಬೇಕಾಯಿತು. ಜೂನ್‌ನಲ್ಲಿ ಯಾರೂ ಹುಬ್ಬಳ್ಳಿಗೆ ಹೋಗಲಿಲ್ಲ. ಅತ್ತೆ ಮಳೆಗಾಲ ಕಳೆಯುವವರೆಗೂ ನಮ್ಮಲ್ಲೇ ಇದ್ದರು. ನಾವಿಬ್ಬರೂ ಅಂಟಿಕೊಂಡೇನೂ ಇರಲಿಲ್ಲ. ಒಬ್ಬರ ಮೇಲೊಬ್ಬರು ಕಣ್ಣಿಟ್ಟುಕೊಂಡೇ ಚೆನ್ನಾಗಿದ್ದೆವು.

ಮರುದಿನ ರವಿವಾರ ಮಧ್ಯಾಹ್ನ ಅತ್ತೆ ಮಗನನ್ನು ಅಡಿಗೆಮನೆಯಲ್ಲಿ ಕೂರಿಸಿ ಮುಂದೆ ಹಿಟ್ಟಿನ ಪರಾತ ಇಟ್ಟರು. ‘ನಾದು’ ಎಂದರು. ಮಕ್ಕಳಿಬ್ಬರೂ ಅಪ್ಪನಿಗೆ ಹೇಳಿಕೊಡಲು ಎರಡೂ ಕಡೆ ಕೂತವು. ನನಗೆ ಮಲಗು ಎಂದು ಅಪ್ಪಣೆಯಾಯಿತು. ಹಾಸಿಗೆಯ ಮೇಲೆ ಬಿದ್ದುಕೊಂಡೆ. ಮಲಗುವವಳು ಯಾರು? ಕಣ್ಣು ಮುಚ್ಚಿ ಕಿವಿಯನ್ನು ಅಡಿಗೆಮನೆಗೆ ಕೊಟ್ಟಿದ್ದೆ. ಆ ಮೂರು ಜನ, ಕೈಗೆ ಹಿಟ್ಟು ಹತ್ತಿದ ಮೇಲೆ, ಏನು ಮಾತಾಡುತ್ತಾರೋ ತಿಳಿಯಬೇಕಿತ್ತು.

ಸ್ವಲ್ಪ ಹೊತ್ತಿಗೆ ಬಾಗಿಲ ಹತ್ತಿರ ಹೆಜ್ಜೆ ಸದ್ದಾಯಿತು. ಸಹನಾ. ಹಾಸಿಗೆಯ ಪಕ್ಕ ಬಂದು ನಿಂತಳು. ತುಪ್ಪ ಹಿಟ್ಟು ಮೆತ್ತಿದ ಬೆರಳನ್ನು ನನ್ನ ಮೂಗಿನ ಕೆಳಗೆ ಹಿಡಿದು ಉಸಿರು ನೋಡಿದಳು. ಬಗ್ಗಿ ನನ್ನ ರೆಪ್ಪೆಗಳನ್ನು ನೋಡಿದಳು. ಖರೇನೇ ಮಲಗಿದ್ದೇನೋ ಇಲ್ಲವೋ ಎಂದು ಅವಳಿಗೆ ನಂಬಿಕೆಯಾಗಲಿಲ್ಲ. ನನ್ನ ಮಗಳು, ಅಷ್ಟು ಸುಲಭಕ್ಕೆ ನಂಬುವವಳಲ್ಲ. ಅಲ್ಲೇ ನಿಂತು ಕಾದಳು. ನಾನೂ ಅಲುಗದೆ ಉಸಿರನ್ನು ನಿಧಾನ ಮಾಡಿದೆ. ಅವಳು ಹೋದ ಮೇಲೆ ಕಣ್ಣು ತೆರೆದು ಅಡಿಗೆಮನೆಯ ಮಾತು ಕೇಳಬೇಕು ಎಂದುಕೊಂಡಿದ್ದೆ. ಅವಳು ಯಾವಾಗ ಹೋದಳೋ ನನಗೆ ಗೊತ್ತಾಗಲೇ ಇಲ್ಲ.